ವಿಜ್ಞಾನ ಕಲಿಕೆಯಲ್ಲಿ ವಿದ್ಯಾರ್ಥಿಗಳ ಭಾವನೆಗಳು

ವಿಜ್ಞಾನದ ಪಾಠ, ಪ್ರಯೋಗ ಮತ್ತು ಪರೀಕ್ಷೆಗಳ ಸಂದರ್ಭದಲ್ಲಿ ವಿದ್ಯಾರ್ಥಿಗಳಲ್ಲಿ ಉಂಟಾಗುವ ಕುತೂಹಲ, ವಿಸ್ಮಯ, ಸಂತೋಷ, ಗೊಂದಲ, ಬೇಸರ, ಆತಂಕ, ಅವಮಾನ ಮೊದಲಾದ ಭಾವನೆಗಳು ಹಾಗೂ ಕಲಿಕೆಯ ಮೇಲೆ ಅವುಗಳ ಪರಿಣಾಮವು ಶಿಕ್ಷಣ ಮನೋವಿಜ್ಞಾನದ ಒಂದು ಅಧ್ಯಯನ ವಿಷಯವಾಗಿದೆ. ವಿಜ್ಞಾನವು ಕೇವಲ ತರ್ಕ ಮತ್ತು ಸಾಕ್ಷ್ಯಗಳ ಕ್ಷೇತ್ರವೆಂಬ ನಂಬಿಕೆಯಿಂದಾಗಿ ಈ ವಿಷಯವು ಬಹುಕಾಲ ಅಲಕ್ಷ್ಯಕ್ಕೆ ಒಳಗಾಗಿತ್ತು.

ಹಿನ್ನೆಲೆ

ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಜ್ಞಾನಾತ್ಮಕ ವಲಯದ ಬೋಧನೋದ್ದೇಶಗಳ ವರ್ಗೀಕರಣವನ್ನು 1956ರಲ್ಲಿಯೂ, ಭಾವನಾತ್ಮಕ ವಲಯದ ವರ್ಗೀಕರಣವನ್ನು 1964ರಲ್ಲಿಯೂ ಪ್ರಕಟಿಸಿದರು. ಶಿಕ್ಷಕ ತರಬೇತಿಯಲ್ಲಿ ಎರಡನ್ನೂ ಬೋಧಿಸಲಾಗುತ್ತದೆಯಾದರೂ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸ್ಥಾನ ಪಡೆದುದು ಮುಖ್ಯವಾಗಿ ಮೊದಲನೆಯದು.

1982ರಲ್ಲಿ ಪೋಸ್ನರ್ ಮತ್ತು ಇತರರು ಮಂಡಿಸಿದ ಪರಿಕಲ್ಪನಾ ಪರಿವರ್ತನೆಯ ಸಿದ್ಧಾಂತದ ಪ್ರಕಾರ, ಹಳೆಯ ಕಲ್ಪನೆಯ ಬಗ್ಗೆ ಅತೃಪ್ತಿ ಹುಟ್ಟಿ, ಹೊಸದು ಅರ್ಥವಾಗುವಂತೆಯೂ ನಂಬಲರ್ಹವಾಗಿಯೂ ಉಪಯುಕ್ತವಾಗಿಯೂ ತೋರಿದಾಗ ವಿದ್ಯಾರ್ಥಿಯು ಅದನ್ನು ಸ್ವೀಕರಿಸುತ್ತಾನೆ. 1993ರಲ್ಲಿ ಪಿಂಟ್ರಿಚ್, ಮಾರ್ಕ್ಸ್ ಮತ್ತು ಬಾಯ್ಲ್ ಇದನ್ನು 'ತಣ್ಣನೆಯ' ಮಾದರಿ ಎಂದು ವಿಮರ್ಶಿಸಿದರು. ವಿದ್ಯಾರ್ಥಿಯ ಆಸಕ್ತಿ, ಆತ್ಮವಿಶ್ವಾಸ ಮತ್ತು ತರಗತಿಯ ವಾತಾವರಣವನ್ನು ಗಮನಿಸದೆ ಪರಿವರ್ತನೆಯನ್ನು ವಿವರಿಸಲಾಗದು ಎಂಬುದು ಅವರ ವಾದ.

ನಿಯಂತ್ರಣ ಮತ್ತು ಮೌಲ್ಯ

ಜರ್ಮನಿಯ ಮನೋವಿಜ್ಞಾನಿ ರೈನ್‌ಹಾರ್ಡ್ ಪೆಕ್ರುನ್ 2006ರಲ್ಲಿ ವಿವರವಾಗಿ ನಿರೂಪಿಸಿದ ನಿಯಂತ್ರಣ-ಮೌಲ್ಯ ಸಿದ್ಧಾಂತವು ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿದೆ. 'ಇದು ನನ್ನಿಂದ ಸಾಧ್ಯವೇ?', 'ಇದು ನನಗೆ ಮುಖ್ಯವೇ?' ಎಂಬ ಎರಡು ಅಂದಾಜುಗಳಿಂದ ಕಲಿಕೆಯ ಭಾವನೆಗಳು ಹುಟ್ಟುತ್ತವೆ. ಅಂಕಗಳು ಬಹಳ ಮುಖ್ಯವಾಗಿದ್ದು ಯಶಸ್ಸು ಅನಿಶ್ಚಿತವಾದಾಗ ಆತಂಕ, ಸಾಧ್ಯವೇ ಇಲ್ಲವೆನಿಸಿದಾಗ ಹತಾಶೆ, ವಿಷಯವೇ ಮುಖ್ಯವಲ್ಲವೆನಿಸಿದಾಗ ಬೇಸರ ಉಂಟಾಗುತ್ತದೆ. ಬೇಸರವು ಸದ್ದಿಲ್ಲದ ಭಾವನೆ. ಶಿಸ್ತಿನಿಂದ ಕುಳಿತ ತರಗತಿಯಲ್ಲಿ ಅದು ಶಿಕ್ಷಕರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಗೊಂದಲ: ಒಂದು ಉದಾಹರಣೆ

ಒಂದೇ ಬಗೆಯ ಎರಡು ಬಲ್ಬುಗಳನ್ನು ಶ್ರೇಣಿಯಲ್ಲಿ ಜೋಡಿಸಿದಾಗ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದರೆ, ಅನೇಕ ಮಕ್ಕಳು ಮೊದಲನೆಯದೆಂದು ಹೇಳುತ್ತಾರೆ. ವಿದ್ಯುತ್ಪ್ರವಾಹವು ದಾರಿಯಲ್ಲಿ ಖರ್ಚಾಗುತ್ತದೆ ಎಂಬುದು ಅವರ ಊಹೆ. ಎರಡೂ ಸಮನಾಗಿ ಬೆಳಗಿದಾಗ ಅಚ್ಚರಿ, ಬಳಿಕ ಗೊಂದಲ ಉಂಟಾಗುತ್ತದೆ. ಮುಂದಿನ ಗತಿಯು ಶಿಕ್ಷಕರನ್ನು ಬಹುಮಟ್ಟಿಗೆ ಅವಲಂಬಿಸಿದೆ. 'ಹಾಗೇಕೆ ಊಹಿಸಿದೆ?' ಎಂದು ವಿಚಾರಿಸಿದರೆ ಗೊಂದಲವು ಹುಡುಕಾಟವಾಗುತ್ತದೆ, 'ಅಷ್ಟೂ ಗೊತ್ತಿಲ್ಲವೇ?' ಎಂದರೆ ಅದೇ ಗೊಂದಲವು ಅವಮಾನವಾಗುತ್ತದೆ, ಮತ್ತು ಆ ಮಗು ಮುಂದಿನ ಬಾರಿ ಊಹಿಸುವ ಗೋಜಿಗೇ ಹೋಗದಿರಬಹುದು. ಸರಿಯಾದ ಉತ್ತರವನ್ನು ಬಾಯಿಪಾಠ ಮಾಡಿದರೂ ಹಳೆಯ ಊಹೆ ಒಳಗೆ ಉಳಿದಿರುತ್ತದೆ.

ವೈಟ್ ಮತ್ತು ಗನ್‌ಸ್ಟೋನ್ ಪ್ರಚಾರಕ್ಕೆ ತಂದ 'ಊಹಿಸು, ವೀಕ್ಷಿಸು, ವಿವರಿಸು' ವಿಧಾನದಲ್ಲಿ ಪ್ರತಿಯೊಬ್ಬರೂ ಪ್ರಯೋಗಕ್ಕೆ ಮುನ್ನ ತಮ್ಮ ಊಹೆಯನ್ನು ಕಾರಣಸಹಿತ ಬರೆದಿಡುತ್ತಾರೆ. ಎಲ್ಲರ ಊಹೆಯೂ ಕಾಗದದ ಮೇಲಿರುವುದರಿಂದ ತಪ್ಪು ಒಬ್ಬನ ಸೊತ್ತಾಗುವುದಿಲ್ಲ. ಗೊಂದಲವು ಪರಿಹಾರವಾಗುವಂತಿದ್ದರೆ ಕಲಿಕೆಗೆ ನೆರವಾಗಬಲ್ಲದೆಂದು ಡಿ'ಮೆಲ್ಲೊ, ಗ್ರೇಸರ್ ಮೊದಲಾದವರ ಸಂಶೋಧನೆಗಳು ತೋರಿಸಿವೆ.

ಆತಂಕ ಮತ್ತು ಭಾಷೆ

ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆಫ್ರಿ ಮ್ಯಾಲೋ 1970ರ ದಶಕದಲ್ಲಿ 'ವಿಜ್ಞಾನ ಆತಂಕ'ವನ್ನು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸಿ, ಅದಕ್ಕಾಗಿ ಚಿಕಿತ್ಸಾಲಯದ ಮಾದರಿಯ ತರಗತಿಯನ್ನು ಆರಂಭಿಸಿದರು. ಅಲ್ಲಿ ಲೆಕ್ಕ ಬಿಡಿಸುವ ಕೌಶಲದ ಜೊತೆಗೆ ತನ್ನ ಬಗೆಗಿನ ಋಣಾತ್ಮಕ ಆಲೋಚನೆಗಳನ್ನು ತಿದ್ದಿಕೊಳ್ಳುವ ಅಭ್ಯಾಸವನ್ನೂ ಕಲಿಸಲಾಗುತ್ತಿತ್ತು.

ಕರ್ನಾಟಕದಲ್ಲಿ ಈ ಆತಂಕಕ್ಕೆ ಭಾಷೆಯ ಮುಖವೂ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪಿಯುಸಿ ವಿಜ್ಞಾನ ವಿಭಾಗದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಬೋಧನೆಯನ್ನು ಎದುರಿಸಬೇಕಾಗುತ್ತದೆ. 'ವೇಗೋತ್ಕರ್ಷ'ವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ 'ಆಕ್ಸಿಲರೇಷನ್' ಎಂಬ ಪದದ ಮುಂದೆ ಮೌನವಾಗಬಹುದು. ಭಾಷೆಯಿಂದ ಹುಟ್ಟಿದ ಈ ಸಂಕೋಚವನ್ನು ವಿಷಯದ ಅಜ್ಞಾನವೆಂದು ಭಾವಿಸುವ ಅಪಾಯವಿದೆ; ವಿದ್ಯಾರ್ಥಿಯೇ ಹಾಗೆ ಭಾವಿಸಿ ವಿಜ್ಞಾನವನ್ನು ತೊರೆಯುವುದೂ ಉಂಟು.

ಆಸಕ್ತಿಯ ಮಿತಿ

ಬಣ್ಣ ಬದಲಾಗುವ ದ್ರಾವಣ, ಸಿಡಿಯುವ ಸೋಡಿಯಂ ತುಣುಕು ಮೊದಲಾದ ಪ್ರದರ್ಶನಗಳು ಗಮನ ಸೆಳೆಯುತ್ತವೆ. ಆದರೆ ಸುಜಾನ್ ಹಿಡಿ ಮತ್ತು ಆನ್ ರೆನ್ನಿಂಗರ್ 2006ರಲ್ಲಿ ಮಂಡಿಸಿದ ನಾಲ್ಕು ಹಂತಗಳ ಮಾದರಿಯಲ್ಲಿ ಇಂತಹ ಸಾಂದರ್ಭಿಕ ಆಸಕ್ತಿಯು ಮೊದಲ ಹಂತ ಮಾತ್ರ. ಸೋಡಿಯಂ ನೀರಿನೊಡನೆ ಏಕೆ ವರ್ತಿಸಿತು ಎಂಬ ಚರ್ಚೆಗೆ ಅವಧಿಯಲ್ಲಿ ಸಮಯ ಉಳಿಯದಿದ್ದರೆ ಮಕ್ಕಳ ನೆನಪಿನಲ್ಲಿ ಸದ್ದು ಉಳಿಯುತ್ತದೆ, ರಸಾಯನಶಾಸ್ತ್ರ ಉಳಿಯುವುದಿಲ್ಲ.