ಬೇಸಿಗೆಯಲ್ಲಿ ಸಮುದ್ರಕ್ಕೆ ರಜೆ ಕೇಳಿದ ಊರು

ಜೂನ್ 1 ಬಂತೆಂದರೆ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಇದು ಸರ್ಕಾರದ ಆದೇಶ. ಆದರೆ ಮೀನುಗಾರರೇ ಸರ್ಕಾರದ ಬಾಗಿಲಿಗೆ ಹೋಗಿ ‘ನಮ್ಮ ಸಮುದ್ರಕ್ಕೆ ರಜೆ ಕೊಡಿ’ ಎಂದು ಕೇಳಿದ ಊರೊಂದಿದೆ. ಅದರ ಕತೆ ನಾವೂ ತಿಳಿಯಬೇಕಾದ್ದು.

ಆ ಊರು ಮೊನ್‌ಹೀಗನ್. ಅಮೆರಿಕದ ಮೇನ್ ರಾಜ್ಯದ ದಡದಿಂದ ಸುಮಾರು 16 ಕಿ.ಮೀ. ದೂರದ ಪುಟ್ಟ ದ್ವೀಪ. ವರ್ಷಪೂರ್ತಿ ಅಲ್ಲೇ ಇರುವವರು ನೂರು ಜನರೂ ಇಲ್ಲ. ಕಸುಬು ಲಾಬ್‌ಸ್ಟರ್ ಹಿಡಿಯುವುದು. ಸಿಗಡಿಯಂಥ ಉದ್ದ ಮೈ, ಏಡಿಯಂಥ ದಪ್ಪ ಮುಂಗಾಲು ಇರುವ ಜೀವಿ ಇದು. ಬೋನಿನೊಳಗೆ ಮೀನಿನ ತುಂಡು ಇಟ್ಟು ಸಮುದ್ರದ ತಳಕ್ಕೆ ಇಳಿಸಿ ಹಿಡಿಯುತ್ತಾರೆ.

ಬೇಸಿಗೆಯಲ್ಲಿ ಲಾಬ್‌ಸ್ಟರ್ ಹಳೆಯ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಮೆತ್ತಗಿರುತ್ತದೆ, ಒಳಗೆ ಮಾಂಸ ಕಡಿಮೆ, ಬೆಲೆಯೂ ಕಡಿಮೆ. ಚಳಿಗಾಲಕ್ಕೆ ಚಿಪ್ಪು ಗಟ್ಟಿಯಾಗಿ ತೂಕ ಬರುತ್ತದೆ. ಇದನ್ನು ಕಂಡ ದ್ವೀಪದವರು ಕೇಳಿಕೊಂಡ ಮೇಲೆ, 1907ರಲ್ಲಿ ಬೇಸಿಗೆಯ ಹಿಡಿತ ನಿಲ್ಲಿಸುವ ಕಾನೂನು ಬಂತು. ಬಹುಕಾಲ ಅವರು ಜನವರಿ 1ರಿಂದ ಜೂನ್ 25ರವರೆಗೆ ಮಾತ್ರ ಬೋನು ಇಳಿಸಿದರು. ಈಚೆಗೆ ಆರಂಭ ಅಕ್ಟೋಬರ್‌ಗೆ ಬಂದಿದೆ.

ಮೊದಲ ದಿನಕ್ಕೆ ‘ಟ್ರ್ಯಾಪ್ ಡೇ’ ಎನ್ನುತ್ತಾರೆ. ಅಂದು ಒಬ್ಬರ ದೋಣಿ ಕೆಟ್ಟಿದ್ದರೆ, ಒಬ್ಬರಿಗೆ ಹುಷಾರಿಲ್ಲದಿದ್ದರೆ, ಉಳಿದವರೂ ಕಾಯುತ್ತಾರೆ. ಎಲ್ಲರೂ ಸಿದ್ಧರಾದ ಮೇಲೆಯೇ ಎಲ್ಲರೂ ಹೊರಡುವುದು. ಮುಂಗಾರಿನ ಮೊದಲ ಮಳೆಗೆ ನೆರೆಯವನ ಎತ್ತು ಕುಂಟಿದರೆ ಊರೇ ಬಿತ್ತನೆ ನಿಲ್ಲಿಸಿದಂತೆ ಎಂದುಕೊಳ್ಳಿ!

ಇದು ಸುಲಭವಾಗಿ ಉಳಿಯಲಿಲ್ಲ. 1990ರ ದಶಕದಲ್ಲಿ ಆಚೆ ದಡದ ಕೆಲವು ಮೀನುಗಾರರು ಈ ನೀರಿನಲ್ಲಿ ತಮಗೂ ಹಕ್ಕಿದೆ ಎಂದರು. ಜಗಳ ಶಾಸನಸಭೆ ಮುಟ್ಟಿತು. 1998ರಲ್ಲಿ ದ್ವೀಪದ ಸುತ್ತಲಿನ ನೀರನ್ನು ಸಂರಕ್ಷಿತ ಪ್ರದೇಶ ಮಾಡುವ ಕಾನೂನು ಬಂತು.

ಮೇನ್ ರಾಜ್ಯದಲ್ಲೆಲ್ಲ ಇನ್ನೊಂದು ನಿಯಮವಿದೆ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಅದರ ಬಾಲಕ್ಕೆ ‘ವಿ’ ಆಕಾರದ ಕಚ್ಚು ಹಾಕಿ ನೀರಿಗೆ ಬಿಡಬೇಕು. ಆ ಗುರುತು ಇರುವುದನ್ನು ಮೊಟ್ಟೆ ಇಲ್ಲದಿದ್ದಾಗಲೂ ಯಾರೂ ಇಟ್ಟುಕೊಳ್ಳುವಂತಿಲ್ಲ. ತೀರಾ ಚಿಕ್ಕದು, ತೀರಾ ದೊಡ್ಡದು ಎರಡೂ ವಾಪಸ್. ದೊಡ್ಡ ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ, ಅದಕ್ಕೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಆದದ್ದು ಬೇರೆ. ಮುಂಬೈ ಕಡಲಲ್ಲಿ ಟ್ರಾಲ್ ಬಲೆಗೆ ಸಿಗುತ್ತಿದ್ದ ಮರಳು ಲಾಬ್‌ಸ್ಟರ್ 1994ರ ಹೊತ್ತಿಗೆ ಬಹುತೇಕ ಕಾಣೆಯಾಯಿತು. ಮೊಟ್ಟೆ ಹೊತ್ತವನ್ನೂ ಬಿಡದೆ ಹಿಡಿದಿದ್ದರು. 2003ರಲ್ಲಿ ಕೇಂದ್ರ ಸರ್ಕಾರ ಜಾತಿಗೆ ತಕ್ಕಂತೆ 150ರಿಂದ 500 ಗ್ರಾಂವರೆಗೆ ಕನಿಷ್ಠ ತೂಕ ಗೊತ್ತುಮಾಡಿತು. ಆದರೆ ಆ ನಿಯಮ ರಫ್ತಿಗೆ. ಊರ ಸಂತೆಯ ಬುಟ್ಟಿಯಲ್ಲಿರುವ ಮರಿಯನ್ನು ಅದು ಕಾಯುವುದಿಲ್ಲ.

ಅದನ್ನು ಕಾಯಬೇಕಾದವರು ಹಿಡಿಯುವವರು, ಮಾರುವವರು, ಕೊಳ್ಳುವ ನಾವು. ಹೊಟ್ಟೆಯಡಿ ಮೊಟ್ಟೆ ಅಂಟಿಸಿಕೊಂಡ ಲಾಬ್‌ಸ್ಟರ್ ಬಲೆಯಲ್ಲಿ ಜೀವಂತ ಸಿಕ್ಕರೆ ವಾಪಸ್ ನೀರಿಗೆ ಬಿಡೋಣ. ಸಂತೆಯಲ್ಲಿ ಕಂಡರೆ ಕೊಳ್ಳದೆ ಬರೋಣ.