ನೆರೆಹೊರೆಯ ಗಣಿತ: ನೇತ್ರಾವತಿಯಿಂದ ತಾಳೆಗರಿಯವರೆಗೆ

ಚಾರ್ಮಾಡಿಯಲ್ಲಿ ಎಡೆಬಿಡದೆ ಮಳೆ ಹೊಡೆದರೆ ಬಂಟ್ವಾಳದವರು ಹೊಳೆ ನೋಡಲು ಹೋಗುತ್ತಾರೆ. ಘಟ್ಟದ ನೀರು ಮೃತ್ಯುಂಜಯಾ ಹೊಳೆಯಾಗಿ ಬೆಳ್ತಂಗಡಿ ತಾಲೂಕಿನಲ್ಲೇ ನೇತ್ರಾವತಿಗೆ ಸೇರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಇಳಿಯುತ್ತದೆ. ಬೆಳ್ತಂಗಡಿ ತಾಲೂಕಿನದೇ ಆದ ವೇಣೂರಿನ ನೀರು ಫಲ್ಗುಣಿಯ ಪಾಲು. ಮಂಗಳೂರಿನ ಅಳಿವೆಯವರೆಗೂ ಇವೆರಡು ಕೂಡುವುದಿಲ್ಲ. ಮಳೆಮಾಪಕದ ಅಂಕಿಗಳು ಅರ್ಥವಾಗಬೇಕಾದರೆ ನಕ್ಷೆಯ ಮೇಲಿನ ದೂರ ಸಾಲದು, ಯಾವ ಊರಿಗೆ ಯಾವ ಊರು ನೆರೆ ಎಂಬುದು ಗೊತ್ತಿರಬೇಕು. ಊರುಗಳು ಬಿಂದುಗಳು, ಹೊಳೆ ಅವನ್ನು ಜೋಡಿಸುವ ಗೆರೆ. ಗಣಿತದಲ್ಲಿ ಇದೇ ಗ್ರಾಫ್. ಶಾಲೆಯ ಚೌಕುಳಿ ಹಾಳೆಯ ಗ್ರಾಫ್ ಬೇರೆ.

1736ರಲ್ಲಿ ಆಯ್ಲರ್ ಒಂದು ಊರಿನ ಏಳು ಸೇತುವೆಗಳ ಒಗಟು ಬಿಡಿಸಿದಾಗ ಈ ಶಾಸ್ತ್ರ ಹುಟ್ಟಿತು. 1847ರಲ್ಲಿ ಕಿರ್ಕಾಫ್ ವಿದ್ಯುತ್ ಮಂಡಲಗಳನ್ನು ಹೀಗೆಯೇ ನೋಡಿದ. ಪ್ರತಿ ಬಿಂದುವೂ ತನ್ನ ನೆರೆಯವರಿಗಿಂತ ಎಷ್ಟು ಬೇರೆ ಎಂದು ಅಳೆಯುವ ಕೋಷ್ಟಕಕ್ಕೆ ಲಾಪ್ಲಾಸಿಯನ್ ಎನ್ನುತ್ತಾರೆ. ಮುಂದಿನದೆಲ್ಲ ಬಹುಪಾಲು ಇದರ ಬಲದಿಂದಲೇ ನಡೆದದ್ದು. ಆ ಕೋಷ್ಟಕವನ್ನೇ ಹಿಡಿದು ಗ್ರಾಫಿನ ಬಿಗಿ ಎಷ್ಟು ಎಂದು ಹೇಳಬಹುದೆಂದು 1973ರಲ್ಲಿ ಫೀಡ್ಲರ್ ತೋರಿಸಿದರು. ಕನ್ನಡನಾಡೂ ಈ ಶಾಸ್ತ್ರದಲ್ಲಿ ಹಿಂದೆ ಬಿದ್ದಿಲ್ಲ. ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲಿಕಾರ್ 1979ರಲ್ಲಿ ಕೊಟ್ಟ ‘ಕನೆಕ್ಟೆಡ್ ಡಾಮಿನೇಷನ್’ ಕಲ್ಪನೆ (ತಮ್ಮೊಳಗೆ ಜೋಡಿಸಿಕೊಂಡ ಕೆಲವು ಬಿಂದುಗಳೇ ಉಳಿದವಕ್ಕೆಲ್ಲ ನೆರೆಯಾಗಿರುವುದು) ಇಂದು ನಿಸ್ತಂತು ಜಾಲಗಳ ವಿನ್ಯಾಸದಲ್ಲಿ ಬಳಕೆಯಲ್ಲಿದೆ.

ಚಿತ್ರಗಳ ಸರದಿ ತಡವಾಗಿ ಬಂತು. ಪ್ರತಿ ಪಿಕ್ಸೆಲನ್ನೂ ಬಿಂದುವಾಗಿಸಿ, ಬಣ್ಣ ಹೋಲುವ ನೆರೆಯವುಗಳ ನಡುವೆ ಗಟ್ಟಿ ಗೆರೆ ಎಳೆದು, ಸಡಿಲವಿದ್ದಲ್ಲಿ ಕತ್ತರಿಸುವ ಉಪಾಯವನ್ನು ಶಿ ಮತ್ತು ಜಿತೇಂದ್ರ ಮಲಿಕ್ 2000ದಲ್ಲಿ ವಿಸ್ತಾರವಾಗಿ ಬರೆದರು. 2013ರ ಹೊತ್ತಿಗೆ ಶೂಮನ್, ಒರ್ಟೆಗಾ ಮತ್ತಿತರರು ಒಂದು ಕಡೆ, ಸಂದ್ರಿಹೈಲಾ ಮತ್ತು ಮೌರಾ ಇನ್ನೊಂದು ಕಡೆ, ಧ್ವನಿಗೆ ಮಾಡುತ್ತಿದ್ದ ಫೂರಿಯೆ ವಿಶ್ಲೇಷಣೆಯನ್ನು ಗ್ರಾಫಿಗೆ ಹೊಂದಿಸಿದರು. 2017ರಲ್ಲಿ ಕಿಪ್ಫ್ ಮತ್ತು ವೆಲ್ಲಿಂಗ್ ಅದನ್ನು ನರಜಾಲಕ್ಕೆ ಒಗ್ಗುವಂತೆ ಸರಳಗೊಳಿಸಿದರು. ಮಾಮೂಲಿ ಫೋಟೊ ಗುರುತಿಸಲು ಇಷ್ಟೆಲ್ಲ ಬೇಕಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅಲ್ಲಿ ನೆರೆಹೊರೆ ಸಾಲುಸಾಲಾಗಿ ಸಮವಾಗಿದೆ. ಗ್ರಾಫಿನ ಬೆಲೆ ಗೊತ್ತಾಗುವುದು ನೆರೆಹೊರೆ ಅಂಕುಡೊಂಕಾದಲ್ಲಿ.

ತಾಳೆಗರಿ ಅಂಥದ್ದು. ಗರಿ ಬಾಗಿರುತ್ತದೆ, ಸಾಲು ಓರೆಯಾಗುತ್ತದೆ, ದಾರದ ತೂತು ನಡುವೆ ಬರುತ್ತದೆ. ಅಕ್ಷರದ ತುಣುಕುಗಳನ್ನು ಬಿಂದುಗಳಾಗಿಸಿ ಹತ್ತಿರದವನ್ನು ಜೋಡಿಸುತ್ತಾ ಹೋದರೆ ಬಾಗಿದ ಸಾಲೂ ಬಾಗಿದಂತೆಯೇ ಸಿಗುತ್ತದೆ. ಆಮೇಲೆ ಒಂದೊಂದು ಅಕ್ಷರವನ್ನು ತೆಳುಗೆರೆಯಾಗಿಸಿ, ಗೆರೆಯ ತುದಿ ಮತ್ತು ಕವಲುಗಳನ್ನು ಬಿಂದುಗಳೆಂದು ಎಣಿಸುತ್ತಾರೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಹೊಟ್ಟೆ ಸೀಳಿದ ಒಂದು ಗೀಟು, ಗ್ರಾಫಿನ ಲೆಕ್ಕದಲ್ಲಿ ಒಂದು ತುದಿ ಹೆಚ್ಚು. ಹುಳ ಕೊರೆದ ತೂತು ಗೆರೆಯನ್ನು ತುಂಡು ಮಾಡಿದರೂ ತುದಿಗಳು ಹೆಚ್ಚುತ್ತವೆ. ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಾನಾಗಿ ತಿಳಿಯದು, ಕಲಿಸಬೇಕು.

ಕಲಿಸಲು ಗರಿಯ ಅಕ್ಷರಗಳ ಮಾದರಿಗಳೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಶ್ವಿನ್ ಮತ್ತು ಶಾಸ್ತ್ರಿ ಅವರ 2002ರ ಕೆಲಸ ಅಚ್ಚಿನ ಕನ್ನಡದ್ದು. ವಿನಯ್ ಪ್ರಭು 2019ರಲ್ಲಿ ಹೊರತಂದ ಕನ್ನಡ ಎಂನಿಸ್ಟ್ ಎಂಬ ದತ್ತಾಂಶ ಇಂದಿನವರ ಕೈಬರಹದ ಅಂಕಿಗಳದ್ದು. ಉಡುಪಿಯ ಪಲಿಮಾರು ಮಠದ ಸರ್ವಮೂಲ ಗ್ರಂಥದ ಗರಿಗಳನ್ನು ಪಿ. ಆರ್. ಮುಕುಂದ್ ಅವರ ತಂಡ ಅವಗೆಂಪು ಬೆಳಕಿನಲ್ಲಿ ಚಿತ್ರ ತೆಗೆದು, ಮಾಸಿದ ಬರಹ ಮತ್ತೆ ಕಾಣುವಂತೆ ಮಾಡಿತು. ಅದು ಕಣ್ಣಿಗೆ ಕಾಣಿಸುವ ಕೆಲಸ. ಓದಿಸುವುದು ಬೇರೆಯೇ ಕೆಲಸ. ಕರಾವಳಿಯ ಹಲವು ಗರಿಗಳಲ್ಲಿರುವ ತುಳು-ತಿಗಳಾರಿ ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೂ 2024ರಲ್ಲಷ್ಟೆ.

ಜೈನರ ಧವಲಾ ಗ್ರಂಥದ ಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಮೂಡುಬಿದಿರೆ. ಅಲ್ಲಿನ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ, ಧರ್ಮಸ್ಥಳದ ಸಂಶೋಧನ ಪ್ರತಿಷ್ಠಾನದಲ್ಲಿ ಓಲೆಗರಿಗಳ ಕಟ್ಟುಗಳಿವೆ. ಮಿಜಾರು, ಉಜಿರೆಗಳ ಎಂಜಿನಿಯರಿಂಗ್ ಕಾಲೇಜುಗಳು ಅಲ್ಲೇ ಪಕ್ಕದಲ್ಲಿವೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಎಲ್ಲಿಯದೋ ದತ್ತಾಂಶ ಇಳಿಸಿಕೊಳ್ಳುವ ಬದಲು, ಗರಿ ಓದಬಲ್ಲ ಒಬ್ಬ ಹಿರಿಯರ ಪಕ್ಕ ಕುಳಿತು ಒಂದೇ ಒಂದು ಕಟ್ಟಿನ ಅಕ್ಷರಗಳಿಗೆ ಹೆಸರು ಹಚ್ಚಿ, ವಿದ್ಯಾರ್ಥಿಗಳೇ. ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.