ಹೊಗೆ, ಹವೆ ಮತ್ತು ಮೃತ್ಯು

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಮೂರನೆಯ ಅಧ್ಯಾಯವೊಂದುಂಟು. ಗಂಗಾತೀರದ ಕಾಂಪಿಲ್ಯದಲ್ಲಿ ಪುನರ್ವಸು ಆತ್ರೇಯನಿಗೂ ಶಿಷ್ಯನಾದ ಅಗ್ನಿವೇಶನಿಗೂ ನಡೆದ ಸಂವಾದವದು. ಜನರ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆ ಬೇರೆಯಾಗಿರಲು, ಒಂದು ನಾಡಿನವರೆಲ್ಲರೂ ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ಮಡಿಯುವುದೆಂತು ಎಂಬುದು ಅಲ್ಲಿಯ ಪ್ರಶ್ನೆ. ವಾಯು, ಉದಕ, ದೇಶ, ಕಾಲಗಳು ಸರ್ವರಿಗೂ ಸಮಾನವಾದುದರಿಂದ ಅವು ಕೆಟ್ಟರೆ ಸರ್ವರಿಗೂ ಕೇಡೆಂಬುದು ಉತ್ತರ. ದುಷ್ಟವಾಯುವಿನ ಲಕ್ಷಣಗಳಲ್ಲಿ ಅತಿಯಾದ ನಿಶ್ಚಲತೆ, ಅತಿಶೈತ್ಯ, ಅತ್ಯುಷ್ಣತೆ, ಧೂಮ ಇವೆಲ್ಲವೂ ಒಂದೇ ಸಾಲಿನಲ್ಲಿ ಬಂದಿವೆ. ಪ್ರಾಚೀನರಿಗೆ ಸಕಲವೂ ತಿಳಿದಿತ್ತೆಂದು ಇದರಿಂದ ಹಿಗ್ಗತಕ್ಕುದಿಲ್ಲ. ಸತ್ತವರ ಗಣನೆಯು ಆ ಗ್ರಂಥದಲ್ಲಿಲ್ಲ. ಆ ಗಣನೆಯನ್ನು ವಾರವಾರವೂ ಬರೆದಿಟ್ಟ ನಗರ ಲಂಡನ್. ಅಲ್ಲಿಯ ಮರಣಪಟ್ಟಿಗಳನ್ನು ಜಾನ್ ಗ್ರಾಂಟ್ ಎಂಬವನು 1662ರಲ್ಲಿಯೇ ಪರಿಶೀಲಿಸಿ ಗ್ರಂಥವನ್ನು ಪ್ರಕಟಿಸಿದನು. ಅದರ ಹಿಂದಿನ ವರ್ಷ ಜಾನ್ ಈವ್ಲಿನನು ಆ ಪಟ್ಟಣದ ಕಲ್ಲಿದ್ದಲಿನ ಹೊಗೆಯನ್ನು ಕುರಿತು ದೊರೆಗೆ ಬಿನ್ನವಿಸಿಕೊಂಡಿದ್ದನು. ದೊರೆಯು ಕೇಳಿದನು, ಹೊಗೆಯು ಮಾತ್ರ ಹೆಚ್ಚುತ್ತಲೇ ಹೋಯಿತು.

1952ನೆಯ ಡಿಸೆಂಬರ್ 5ನೆಯ ತಾರೀಖು ಶುಕ್ರವಾರ ಆ ನಗರದ ಮೇಲೆ ಗಾಳಿಯು ಸ್ತಬ್ಧವಾಯಿತು. ಚಳಿಯು ತೀವ್ರವಾಗಿದ್ದುದರಿಂದ ಮನೆಮನೆಯ ಅಗ್ಗಿಷ್ಟಿಕೆಯೂ ಉರಿಯುತ್ತಿದ್ದಿತು. ಯುದ್ಧಾನಂತರದ ಆ ಕಾಲದಲ್ಲಿ ಉತ್ತಮವಾದ ಕಲ್ಲಿದ್ದಲು ಪರದೇಶಗಳಿಗೆ ಮಾರಾಟವಾಗಿ, ಗೃಹಸ್ಥರ ಪಾಲಿಗೆ ಗಂಧಕಯುಕ್ತವಾದ ಕೀಳು ಇದ್ದಲೇ ಉಳಿದಿತ್ತು. ಸಾಮಾನ್ಯವಾಗಿ ನೆಲದ ಬಳಿಯ ಬೆಚ್ಚನೆಯ ಗಾಳಿಯು ಹೊಗೆಯನ್ನು ಹೊತ್ತು ಮೇಲೇರುವುದು. ಆ ದಿನಗಳಲ್ಲಿಯಾದರೋ ತಣ್ಣನೆಯ ಗಾಳಿಯು ಕೆಳಗೂ ಬೆಚ್ಚನೆಯದು ಮೇಲೂ ನಿಂತು, ಗಡಿಗೆಗೆ ಮುಚ್ಚಳವನ್ನಿಟ್ಟಂತಾಯಿತು. ಚಳಿ ಹೆಚ್ಚಿದಷ್ಟೂ ಬೆಂಕಿ, ಬೆಂಕಿ ಹೆಚ್ಚಿದಷ್ಟೂ ಹೊಗೆ. ಆ ಹೊಗೆಯು ಸೂರ್ಯನನ್ನು ಮರೆಮಾಡಲು ಮತ್ತಷ್ಟು ಚಳಿ. ಬಸ್ಸುಗಳ ಮುಂದೆ ದೀವಟಿಗೆ ಹಿಡಿದು ಜನರು ನಡೆದರು. ಕಡೆಗೆ ಬಸ್ಸುಗಳೇ ನಿಂತವು. ನಾಟಕಶಾಲೆಯೊಳಕ್ಕೂ ಮಂಜು ನುಗ್ಗಿ ರಂಗವು ಕಾಣದೆ ಆಟವು ನಿಂತುಹೋಯಿತು. ಪ್ರದರ್ಶನಕ್ಕೆಂದು ತಂದಿದ್ದ ದನಗಳು ಉಸಿರು ಕಟ್ಟಿ ಸತ್ತವು. 1873ರ ಮಂಜಿನಲ್ಲಿಯೂ ದನಗಳ ಪ್ರದರ್ಶನದಲ್ಲಿ ಹೀಗೆಯೇ ಆಗಿದ್ದಿತು. ಆ ಎಚ್ಚರಿಕೆಯನ್ನು ಎಂಬತ್ತು ವರ್ಷ ಯಾರೂ ಲಕ್ಷಿಸಲಿಲ್ಲ.

9ನೆಯ ತಾರೀಖು ಗಾಳಿ ಬೀಸಿ ಮಂಜು ಚದರಿತು. ಆದ ಹಾನಿಯು ಆಮೇಲೆ ಲೆಕ್ಕದಿಂದ ಹೊರಬಿದ್ದಿತು. ಹಿಂದಿನ ವರ್ಷ ಅದೇ ವಾರದಲ್ಲಿ ಮಹಾಲಂಡನ್ನಿನಲ್ಲಿ 1852 ಮಂದಿ ಸತ್ತಿದ್ದರೆ, ಡಿಸೆಂಬರ್ 13ಕ್ಕೆ ಮುಗಿದ ಈ ವಾರದಲ್ಲಿ 4703 ಮಂದಿ ಸತ್ತಿದ್ದರು. ಬಹುಮಂದಿ ವೃದ್ಧರು, ಶ್ವಾಸರೋಗಿಗಳು, ಹೃದ್ರೋಗಿಗಳು. ಅಧಿಕವಾಗಿ ಸತ್ತವರು ಸುಮಾರು 4000ವೆಂದು ಮೊದಲ ಅಂದಾಜು. ಮುಂದಿನ ಎರಡು ತಿಂಗಳು ಮರಣವು ಇಳಿಯದಿರಲು, ಅದಕ್ಕೆ ಇನ್‌ಫ್ಲುಯೆಂಜಾ ಜ್ವರವೇ ಕಾರಣವೆಂದು ಸರ್ಕಾರದವರು ಹೇಳಿದರು. ಜ್ವರದ ಮೇಲೆ ಹೊರಿಸಿದ ದೋಷಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲವಷ್ಟೆ! ಅರ್ಧ ಶತಮಾನದ ಮೇಲೆ ಇದೇ ಅಂಕಿಗಳನ್ನು ಪುನಃ ಶೋಧಿಸಿದ ವಿದ್ವಾಂಸರು, ಜ್ವರಕ್ಕೆ ಸಲ್ಲತಕ್ಕುದು ಅಲ್ಪಭಾಗವೆಂದೂ ಒಟ್ಟು ಅಧಿಕ ಮರಣ ಸುಮಾರು 12000ವೆಂದೂ ನಿರ್ಣಯಿಸಿದರು.

ಹಾಗಾದರೆ ಕೊಂದುದು ಚಳಿಯೋ ಹೊಗೆಯೋ? ಚಳಿಯು ರಕ್ತನಾಳಗಳನ್ನು ಸಂಕೋಚಗೊಳಿಸಿ, ರಕ್ತವನ್ನು ಮಂದಮಾಡಿ, ಶ್ವಾಸಮಾರ್ಗವನ್ನು ಕಿರಿದಾಗಿಸುವುದು. ಅದರ ಪರಿಣಾಮವು ಎರಡು ಮೂರು ವಾರಗಳವರೆಗೂ ಹರಡಿಕೊಳ್ಳುವುದು. ಮಂಜಿನ ಸಾವುಗಳಾದರೋ ಒಡನೆಯೇ ಏರತೊಡಗಿದ್ದುವು. 1956ರಲ್ಲಿ ನಿರ್ಮಲವಾಯು ಶಾಸನವು ಬಂದು ಮನೆಗಳ ಹೊಗೆಯು ಕಡಮೆಯಾಗುತ್ತಿರಲು, 1962ರ ಡಿಸೆಂಬರಿನಲ್ಲಿ ಅಂಥದೇ ಚಳಿ, ಅಂಥದೇ ನಿಶ್ಚಲತೆ ಮರಳಿ ಬಂದವು. ಆಗ ಅಧಿಕವಾಗಿ ಸತ್ತವರು ಸುಮಾರು 700 ಮಂದಿ ಮಾತ್ರ. ಚಳಿಯನ್ನು ಶಾಸನದಿಂದ ತಡೆಯಲಾಗದು, ಹೊಗೆಯನ್ನು ತಡೆಯಬಹುದು.

ಉಷ್ಣದೊಡನೆ ಹೊಗೆ ಕೂಡಿದರೆ ಏನಾಗುವುದೆಂಬುದನ್ನು 2010ರ ಬೇಸಗೆಯಲ್ಲಿ ಮಾಸ್ಕೋ ನಗರವು ಕಂಡಿತು. ಜುಲೈ 29ರಂದು ಉಷ್ಣಮಾನವು 38.2 ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ನೀರನ್ನು ಬಸಿದು ಒಣಗಿಸಿದ್ದ ಜೌಗುನೆಲಗಳೂ ಕಾಡುಗಳೂ ಸುತ್ತಲೂ ಹತ್ತಿ ಉರಿದವು. ಶಾಖಕ್ಕೆ ಚರ್ಮದ ಕಡೆಗೆ ರಕ್ತವನ್ನು ದೂಡುತ್ತ ದಣಿದ ಹೃದಯಕ್ಕೆ ಧೂಮಕಣಗಳ ಭಾರವೂ ಸೇರಿತು. ಹೊಗೆಗೆ ಅಂಜಿ ಕಿಟಕಿ ಮುಚ್ಚಿದವರು ಒಳಗೆ ಬೆಂದರು; ಸೆಕೆಗೆ ಅಂಜಿ ತೆರೆದವರು ಹೊಗೆಯನ್ನು ಕುಡಿದರು. ದಿನಕ್ಕೆ 360ರಿಂದ 380ರಷ್ಟಿದ್ದ ಮರಣವು 700ರ ಸಮೀಪಕ್ಕೆ ಬಂದಿತೆಂದು ಆಗಸ್ಟಿನಲ್ಲಿ ಆ ನಗರದ ಆರೋಗ್ಯಾಧಿಕಾರಿಯೇ ಒಪ್ಪಿಕೊಂಡನು. 44 ದಿನಗಳಲ್ಲಿ ಅಧಿಕವಾಗಿ ಸತ್ತವರು ಸುಮಾರು 11000. ಉಷ್ಣದ ಪಾಲನ್ನೂ ಹೊಗೆಯ ಪಾಲನ್ನೂ ಪ್ರತ್ಯೇಕವಾಗಿ ಎಣಿಸಿ ಕೂಡಿಸಿದ ಮೇಲೆಯೂ 2000ಕ್ಕೆ ಮೀರಿದ ಸಾವುಗಳು ಮಿಕ್ಕುವುವು. ಅವು ಎರಡೂ ಒಂದಾದುದರಿಂದಲೇ ಸಂಭವಿಸಿದುವು.